ಅಜ್ಜಾರ ಮಾತು

ಬೆಳಿಗ್ಗೆ ಎದ್ದು ಕೂತು ಕಾಲು ಕೆಳಗಿಟ್ಟಾಗ, ಅವು ತನ್ನ ಕಾಲುಗಳಲ್ಲ ಅನ್ನಿಸಿತು ದಿಲಶಾದಬಿಗೆ. ಯಾರೋ ಮೈಭಾರದ ಹೆಂಗಸು ಬಂದು ತನ್ನವನ್ನು ಇಲ್ಲಿ ಬಿಟ್ಟು ಇವಳವನ್ನು ಹಾಕಿಕೊಂಡು ಹೋದಂತಿತ್ತು. ಮೊಣಕಾಲ ಕೆಳಗೆ ಬೆರಳೂರಿ ಒತ್ತಿದಳು. ಗುಳಿ ಬಿತ್ತು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು, ತನಗೇನೂ ಅವಸರವಿಲ್ಲ ಅನ್ನುವಂತೆ. ಪಡಸಾಲೆಯಲ್ಲಿ ಮಾವ ಬುಡ್ಡೇಸಾಬ ಆಗಲೇ ಅರಳೆ ಹಿಂಜಲು ಕೂತಿದ್ದ. ಬಿಲ್ಲಿನ ನರಕ್ಕೆ ಏಟು ಬಿದ್ದಾಗಲೆಲ್ಲ ಏಳುವ ಸದ್ದು ಗೋಡೆ ದಾಟಿ ಬಂದು ನೇರ ಅವಳ ಹುಬ್ಬುಗಳ ನಡುವೆ ಹೊಕ್ಕು ಅಲ್ಲೇ ಗಿರಗಿರ ಸುತ್ತುತ್ತಿತ್ತು. ಮದುವೆಯಾಗಿ ಸೊರಟೂರಿನ ಈ ಪಿಂಜಾರರ ಮನೆಗೆ ಬಂದ ದಿನದಿಂದಲೂ ಅವಳಿಗೆ ಈ ಮನೆಯ ಮೇಲೆ ಒಂದು ತಾತ್ಸಾರ. ರೊಟ್ಟಿಯ ಮೇಲೆ ಅರಳೆಯ ಎಳೆ, ಕುಡಿಯುವ ನೀರಿನಲ್ಲಿ ಅರಳೆಯ ಎಳೆ, ಮಾವನ ಮೀಸೆಯಲ್ಲಿ, ಗಂಡನ ಹುಬ್ಬಿನಲ್ಲಿ, ಅತ್ತೆಯ ಎಲೆ-ತಂಬಾಕಿನ ಚೀಲದಲ್ಲಿ ಕೂಡ. ಇಡೀ ಮನೆತನವೇ ವಯಸ್ಸಿಗೆ ಮುಂಚೆ ನರೆತು ಕೂತ ಹಾಗೆ. ಅವಳಪ್ಪನೂ ಪಿಂಜಾರನೇ. ಆದರೆ ಬೆಟಗೇರಿಯ ಪೇಟೆಯಲ್ಲಿ ಗಾದಿ ಅಂಗಡಿ ಇಟ್ಟು ಕುರ್ಚಿಯ ಮೇಲೆ ಕೂತಿದ್ದವನು, ಮಗಳನ್ನು ಏಳನೆಯ ಇಯತ್ತೆಯವರೆಗೆ ಓದಿಸಿದವನು. ಅಪ್ಪನೂ ಅವ್ವನೂ ಈಗಿಲ್ಲ. ಅಂಗಡಿ ಅಣ್ಣನದು, ಮನೆ ಅಣ್ಣನ ಹೆಂಡತಿಯದು.

ಚೊಚ್ಚಲ ಬಾಣಂತನ ತವರಿನಲ್ಲಾಗಬೇಕು ಅನ್ನುವುದು ಯಾರಿಗೆ ಗೊತ್ತಿಲ್ಲ? ಅತ್ತಿಗೆ ಜನ್ನತಬಿ ಆ ಮಾತನ್ನು ಬಾಯಿಬಿಟ್ಟು ಬೇಡವೆನ್ನಲಿಲ್ಲ. ಆರು ತಿಂಗಳಲ್ಲಿ ಹೋಗಿದ್ದಾಗ ಬರೀ ತನ್ನ ಮನೆಯ ಕೋಣೆಗಳನ್ನು ತೋರಿಸಿದಳು. "ನೋಡವಾ, ಇಲ್ಲಿ ಹುಡುಗ್ರು ಮಕ್ಕೋತಾವು, ಇಲ್ಲಿ ಗಾದಿ ಇಡ್ತೀವಿ. ನೀ ಬಂದ್ರ ನಿನ್ನ ತಲಿ ಮ್ಯಾಲ ಹೊತ್ತು ಸಾಕ್ತೀವಿ, ಆದ್ರ ತಲಿ ಇಡಾಕರ ಜಾಗಾ ಬೇಕಲ್ಲ" ಎಂದು ನಕ್ಕಿದ್ದಳು. ದಿಲಶಾದಬಿಯೂ ನಕ್ಕಳು. ಆ ನಗೆ ನೆನಪಾದಾಗ ಈಗಲೂ ಕೆನ್ನೆಗೆ ಬಿಸಿ ತಾಗುತ್ತದೆ. ನಕ್ಕಿದ್ದೇಕೆ? ಮುಖಕ್ಕೆ ಉಗಿದು ಬರಬೇಕಿತ್ತು. ಆ ಸಲವೇ ಅಣ್ಣ ಗದಗಿನ ದವಾಖಾನೆಗೆ ಕರೆದೊಯ್ದಿದ್ದ. ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿ ನೋಡಿದ ಸಿಸ್ಟರ ಕನ್ನಡಕದ ಮೇಲಿಂದ ಅವಳನ್ನು ದಿಟ್ಟಿಸಿ, "ರಕ್ತದ ಒತ್ತಡ ಏರೇತಿ. ಇನ್ನ ಮುಂದ ಮುಖ ಬಾತ್ರ, ತಲಿ ಒಡದಂಗಾದ್ರ, ಕಣ್ಣ ಮುಂದ ಕಿಡಿ ಹಾರಿದ್ರ ಮನ್ಯಾಗ ಕುಂಡ್ರಬ್ಯಾಡ, ಓಡಿ ಬಾ. ಇಲ್ಲಂದ್ರ ಫಿಟ್ಸ್ ಬಂದು ತಾಯಿ-ಕೂಸು ಇಬ್ರೂ ಹೋಗ್ತೀರಿ. ತಿಳೀತಾ?" ಎಂದು ದನಿಯೆತ್ತಿ ಹೇಳಿದ್ದಳು. ತಿಳಿಯಿತು. ತಿಳಿಯದೇ ಏನು? ಆದರೆ ತಿಳಿದವಳ ಕಾಲಿಗೆ ನಡೆಯುವ ಹುಕುಂ ಇಲ್ಲವಲ್ಲ.

ಮುಖ, ಕಾಲು ಬಾತಿವೆ, ತಲೆ ಸಿಡಿಯುತ್ತಿದೆ ಎಂದು ಅವಳು ಹೇಳಿದಾಗ ಅತ್ತೆ ರಸೂಲಬಿ ತಂಬಾಕು ತಿಕ್ಕುತ್ತಿದ್ದವಳು ತಲೆ ಕೂಡ ಎತ್ತಲಿಲ್ಲ. "ಬಾತಿಲ್ಲವಾ, ಕಳಾ ಬಂದೈತಿ. ಇಷ್ಟ ಮಕ್ಕಳನ್ನ ಹಡದಾಕಿಗೆ ಬಸರು ಅಂದ್ರೇನು ಅಂತ ನೀ ಕಲಸ್ತಿ?" ಅಂದಳು. ಕಳೆಯಂತೆ! ಬಸುರಿಗೆ ಬಳೆ ತೊಡಿಸುವ ಕುಬಸದ ದಿನವೂ ಓಣಿಯ ಹೆಂಗಸರೆಲ್ಲ ಅದನ್ನೇ ಅಂದಿದ್ದರು. ಬಳೆಗಾರ ಅವಳ ಕೈಗೆ ಸಾಬೂನಿನ ನೊರೆ ಹಚ್ಚಿ ಹಸಿರು ಬಳೆಗಳನ್ನು ಒಂದೊಂದೇ ನೂಕಿ ಏರಿಸುವಾಗ ಅವಳ ಕಣ್ಣಲ್ಲಿ ನೀರು ಬಂತು. ಹೆಂಗಸರು ಅದನ್ನು ಸಂತೋಷದ ನೀರು ಅಂದುಕೊಂಡು ಸೋಬಾನೆ ಎತ್ತಿದರು. ಮೈ ತುಂಬ್ಯಾಳ ನೋಡು, ಸೊರಟೂರ ನೀರು ಹತ್ತೇತಿ ನೋಡು ಎಂದು ಗಲ್ಲ ಹಿಂಡಿದರು. ಸಂತೆಯಲ್ಲಿ ಎಮ್ಮೆಯನ್ನು ನೋಡುವವರಿಗೂ ಇದಕ್ಕಿಂತ ಹೆಚ್ಚು ತಿಳಿವಳಿಕೆ ಇರುತ್ತದೆ. ಈಗ ಆ ಬಳೆಗಳು ಮಣಿಕಟ್ಟಿನ ಮಾಂಸದಲ್ಲಿ ಹೂತು ಕೂತಿದ್ದವು, ಬೆರಳುಗಳಲ್ಲಿ ಜೋಮು. ಎರಡಾದರೂ ಒಡೆದು ತೆಗೆಯಿರಿ ಎಂದರೆ ರಸೂಲಬಿ ಬಾಯಿಗೆ ಸೆರಗು ಒತ್ತಿಕೊಂಡು, "ಅಲ್ಲಾ, ಗಂಡ ಗಟ್ಟಿಮುಟ್ಟಾಗಿ ಇರಬೇಕಾದ್ರ ಬಳಿ ಒಡಿ ಅಂತಿಯಲ್ಲ, ನಾಲಿಗಿ ಬಿದ್ದಗಿದ್ದೀತು" ಎಂದು ಇಡೀ ಓಣಿಗೆ ಕೇಳುವಂತೆ ಕೂಗಿದ್ದಳು.

ದವಾಖಾನೆಗೆ ಕರೆದೊಯ್ಯದಿರುವುದಕ್ಕೆ ಇನ್ನೊಂದು ಕಾರಣವನ್ನೂ ರಸೂಲಬಿ ಎದೆಯಲ್ಲಿ ಇಟ್ಟುಕೊಂಡಿದ್ದಳು. ಎಮರ್ಜೆನ್ಸಿ ಮುಗಿದು ವರ್ಷವಾಗುತ್ತ ಬಂದಿದ್ದರೂ, ದವಾಖಾನೆ ಹೊಕ್ಕವರಿಗೆ ಕೇಳದೆ ಹೇಳದೆ ಆಪರೇಶನ್ ಮಾಡಿ ಮುಂದೆ ಮಕ್ಕಳಾಗದಂತೆ ಕಳಿಸುತ್ತಾರೆ ಅನ್ನುವ ಸುದ್ದಿ ಮಾತ್ರ ಊರು ಬಿಟ್ಟಿರಲಿಲ್ಲ. "ನನ್ನ ವಂಶಕ್ಕ ಕತ್ತರಿ ಹಾಕಸಾಕ ನಾ ನಿನ್ನ ಗದಗಿಗೆ ಒಯ್ಯಬೇಕೇನು?" ಎಂದು ಕೇಳಿದ್ದಳು. ವಂಶ! ಅರಳೆಯ ಎಳೆ ಉಗುಳುತ್ತ ಕೆಮ್ಮುವ ಈ ವಂಶಕ್ಕೆ ಕತ್ತರಿ ಬೇರೆ ಬೇಕೆ, ಅಂದುಕೊಂಡಳು ದಿಲಶಾದಬಿ. ಹಾಗೆ ಅಂದುಕೊಂಡದ್ದಕ್ಕೇ ಹೊಟ್ಟೆಯೊಳಗಿನದು ಒದ್ದಂತಾಯಿತು. ಅದಕ್ಕೂ ಈ ಮನೆಯ ಅಭಿಮಾನ ಬಂದುಬಿಟ್ಟಿತೇನೋ ಎಂದು ಒಂದು ಗಳಿಗೆ ಅದರ ಮೇಲೂ ಸಿಟ್ಟು ಬಂತು. ಮರುಗಳಿಗೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಇಲ್ಲ, ಇಲ್ಲ, ನೀನಲ್ಲ ಅಂದಳು.

ಅವತ್ತು ಬೇಸ್ತವಾರ. ರೊಟ್ಟಿ ಬಡಿಯಲು ಕೂತಾಗ ಒಲೆಯ ಕೆಂಡದಿಂದ ಒಂದು ಕಿಡಿ ಎದ್ದಿತು. ಅವಳು ನೋಡುತ್ತಿದ್ದಂತೆ ಅದು ಆರದೆ ಗೋಡೆಯ ಮೇಲೆ ಹೋಯಿತು, ಸೂರಿಗೆ ಹೋಯಿತು, ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ಹೋಯಿತು. ಹಿಟ್ಟಿನ ಕೈಯಲ್ಲೇ ಎದ್ದು ಗೋಡೆ ಹಿಡಿದು ಪಡಸಾಲೆಗೆ ಬಂದಳು. ಗಂಡ ನಬಿಸಾಬ ಗಾದಿಗೆ ಹೊಲಿಗೆ ಹಾಕುತ್ತಿದ್ದ. "ಕಣ್ಣ ಮುಂದ ಕಿಡಿ ಹಾರಾಕತ್ತಾವ್ರಿ. ಸಿಸ್ಟರ ಹೇಳಿದ್ದು ಇದನ್ನ. ನಿಮ್ಮ ಕಾಲು ಬೀಳ್ತೀನಿ, ನನ್ನ ಗದಗಿಗೆ ಕರಕೊಂಡು ಹೋಗ್ರಿ" ಅಂದಳು. ಅವನು ದಬ್ಬಣವನ್ನು ಬಟ್ಟೆಯಲ್ಲಿ ಚುಚ್ಚಿ ಹಿಡಿದು, ಅವಳನ್ನು ನೋಡಿ, ಅಡುಗೆಮನೆಯ ಕಡೆ ನೋಡಿ, "ಅವ್ವಗ ಒಂದು ಮಾತು ಕೇಳತೀನಿ" ಅಂದ. ಒಳ್ಳೆಯವನೇ. ಹೊಡೆದವನಲ್ಲ, ಬೈದವನಲ್ಲ. ಅವನ ಒಳ್ಳೆಯತನ ತಾಯಿಯ ಸೆರಗಿನ ತುದಿಗೆ ಗಂಟು ಹಾಕಿದ್ದು, ಬೇಕೆಂದಾಗ ಆಕೆಯೇ ಬಿಚ್ಚಿ ಕೊಡಬೇಕು. ಅಡುಗೆಮನೆಯಿಂದ ರಸೂಲಬಿಯ ದನಿ ಬಂತು. "ರೊಟ್ಟಿ ಬಡಿಯೂ ಹೊತ್ತಿಗೇ ಕಿಡಿ ಹಾರ್ತಾವೇನು ಇಕಿಗೆ? ನಾಟಕದ ಮಂದಿ ಬೆಟಗೇರ್ಯಾಗ ಬಾಳ ಅದಾರಂತ, ಅವರ ಕಡೆ ಕಲ್ತು ಬಂದಿರಬೇಕು." ಬಿಲ್ಲಿನ ಸದ್ದು ನಿಲ್ಲಿಸಿದ್ದ ಬುಡ್ಡೇಸಾಬ ಮತ್ತೆ ಶುರು ಮಾಡಿದ.

ಆ ಹೊತ್ತಿಗೇ ಪಕ್ಕದ ಮನೆಯ ಸಾವಂತ್ರೆವ್ವ ಒಳಗೆ ಬಂದದ್ದು. ಊರ ಹೊರಗಿನ ಗುಡ್ಡದಜ್ಜನ ದರ್ಗಾಕ್ಕೆ ಹೋಗಿ ಸಕ್ಕರೆಗೆ ಫಾತೇಹಾ ಓದಿಸಿಕೊಂಡು ಬಂದಿದ್ದಳು. ಬೇಸ್ತವಾರ ಬೇಸ್ತವಾರ ಹಿಂದೂ ಮುಸಲ್ಮಾನ ಎನ್ನದೆ ಹೆಂಗಸರೆಲ್ಲ ಅಲ್ಲಿಗೆ ಹೋಗುತ್ತಾರೆ, ಕೆಲವರ ಮೈಮೇಲೆ ಅಜ್ಜಾರು ಬರುತ್ತಾರೆ. ದಿಲಶಾದಬಿಯೂ ಒಮ್ಮೆ ಹೋಗಿ ನೋಡಿದ್ದಳು. ಕಳಕವ್ವ ಅನ್ನುವ ಹೆಂಗಸು, ಗಂಡ ದಿನಾ ದನಕ್ಕೆ ಬಡಿದಂತೆ ಬಡಿಯುತ್ತಿದ್ದವಳು, ಅವತ್ತು ಕೂದಲು ಬಿಚ್ಚಿ ಕೊರಳು ತಿರುಗಿಸುತ್ತ, "ನಾ ಬಂದೀನಿ. ಏನ ಕೇಳ್ತೀರಿ ಕೇಳ್ರಿ" ಎಂದು ಗಂಡಸಿನ ದನಿಯಲ್ಲಿ ಗುಡುಗಿದ್ದಳು. ಅದೇ ಗಂಡ ಅವಳ ಕಾಲಿಗೆ ಬಿದ್ದು, ನಾಳೆಯಿಂದ ಸೆರೆ ಕುಡಿಯುವುದಿಲ್ಲ ಎಂದು ಗಲ್ಲ ಬಡಿದುಕೊಂಡಿದ್ದ. ಅವಳ ತುಟಿಯಂಚಿನಲ್ಲಿ ಒಂದು ಕಳ್ಳ ನಗೆ ಹಾದುಹೋದದ್ದನ್ನು ದಿಲಶಾದಬಿ ಕಂಡಿದ್ದಳು, ಕಂಡು ಅಸಹ್ಯಪಟ್ಟಿದ್ದಳು. ಥೂ, ಎಂಥ ಹಲ್ಕಾ ಬಾಳು, ಎರಡು ದಿನ ಹೊಡೆತ ತಪ್ಪಿಸಿಕೊಳ್ಳಲು ದೇವರ ವೇಷ! ನಾಲ್ಕಕ್ಷರ ಕಲಿತವಳು ಸತ್ತರೂ ಹೀಗೆ ಮಾಡಲಾರಳು ಅಂದುಕೊಂಡು ಬಂದಿದ್ದಳು. ಈಗ ಸಾವಂತ್ರೆವ್ವ, "ಯಾಕ ಮಗಳ, ಮುಖ ಹಿಂಗ ಮಾಡಿ? ತಗೋ, ಅಜ್ಜಾರ ಸಕ್ರಿ ಬಾಯಾಗ ಹಾಕ್ಕೋ, ಎಲ್ಲಾ ಇಳೀತೈತಿ" ಎಂದು ಅವಳ ಬಾಯಿಗೆ ಒಂದು ಚಿಟಿಕೆ ಸಕ್ಕರೆ ಹಾಕಿದಳು. ಸಕ್ಕರೆ ನಾಲಿಗೆಯ ಮೇಲೆ ಕರಗುವುದು ಗೊತ್ತಾಯಿತು. ಕಿಡಿಗಳೆಲ್ಲ ಒಟ್ಟಿಗೆ ಕೂಡಿ ಒಂದೇ ಬೆಳಕಾಗುವುದು ಗೊತ್ತಾಯಿತು. ತನ್ನ ಕೊರಳನ್ನು ಯಾರೋ ಹಿಡಿದು ಹಿಂದಕ್ಕೆ ತಿರುವುತ್ತಿದ್ದಾರೆ ಅನ್ನುವಷ್ಟರಲ್ಲಿ ಗೊತ್ತಾಗುವವಳೇ ಇಲ್ಲವಾದಳು.

ಮೊದಲು ಬಂದದ್ದು ವಾಸನೆ. ಲೋಬಾನದ ಹೊಗೆ ಗಂಟಲಿಗೆ ಇಳಿದು ಕೆಮ್ಮು ಬಂತು, ಕೆಮ್ಮಿದಾಗ ಬಾಯಲ್ಲಿ ರಕ್ತದ ರುಚಿ. ನಾಲಿಗೆ ಕಚ್ಚಿಹೋಗಿತ್ತು. ಮೈಯ ಒಂದೊಂದು ಕೀಲೂ ಯಾರೋ ಬಿಚ್ಚಿ ಅವಸರದಲ್ಲಿ ಮತ್ತೆ ಹಾಕಿದಂತೆ ನೋಯುತ್ತಿತ್ತು. ಫಿಟ್ಸ್ ಬಂತು, ಸಿಸ್ಟರ ಹೇಳಿದ್ದು ಬಂತು, ಇನ್ನೊಂದು ಬಂದರೆ ಮುಗಿಯಿತು ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಕಣ್ಣು ಬಿಟ್ಟರೆ ಪಡಸಾಲೆಯ ತುಂಬ ಜನ. ಮಾವ ಟೊಪ್ಪಿಗೆ ಹಾಕಿಕೊಂಡು ಕೈಕಟ್ಟಿ ನಿಂತಿದ್ದ. ಗಂಡ ಕಣ್ಣೀರು ಸುರಿಸುತ್ತ ಮೊಣಕಾಲೂರಿದ್ದ. ಪಾದದ ಮೇಲೆ ಏನೋ ಭಾರ ಅನ್ನಿಸಿ ನೋಡಿದರೆ ಅತ್ತೆಯ ತಲೆ! ಕಳಾ ಬಂದಿದೆ ಎಂದು ಮೂಗು ಮುರಿದ ಅದೇ ಪಾದಗಳ ಮೇಲೆ ರಸೂಲಬಿ ಹಣೆ ಒತ್ತಿ, "ತಪ್ಪಾತ್ರಿ ಅಜ್ಜಾರ, ನಿಮ್ಮ ಸಕ್ರಿ ಬಾಯಾಗ ಬೀಳತಿದ್ದಂಗ ಬಂದ್ರಿ. ನಮ್ಮ ಮನಿ ಬಾಗಿಲಾ ತುಳದ್ರಿ. ಏನ ಅಪ್ಪಣಿ ಐತಿ ಹೇಳ್ರಿ" ಎಂದು ಬಿಕ್ಕುತ್ತಿದ್ದಳು. ಅವಳ ಹಿಂದೆ ನಿಂತ ಸಾವಂತ್ರೆವ್ವ ಇದೇ ಸಮಯ ಎಂದು, "ಅಜ್ಜಾರ, ನಮ್ಮ ಎಮ್ಮಿ ಗಬ್ಬ ನಿಲ್ಲವಲ್ದು, ಏನ್ ಮಾಡಬೇಕ್ರಿ?" ಎಂದು ಕೇಳಿದಳು.

ದಿಲಶಾದಬಿಗೆ ನಗು ಬಂತು. ಸಾಯುತ್ತಿರುವ ಹೆಂಗಸಿನ ಮುಂದೆ ಎಮ್ಮೆಯ ಗಬ್ಬದ ಮಾತು! ಇವರಿಗಿಂತ ಎಮ್ಮೆ ಮೇಲು. "ಅತ್ತಿ, ನನಗ ಫಿಟ್ಸ್ ಬಂದೈತಿ" ಎಂದು ತೊದಲಿದಳು. ಕಚ್ಚಿದ ನಾಲಿಗೆ ಸರಿಯಾಗಿ ಹೊರಳಲಿಲ್ಲ. ರಸೂಲಬಿ ತಲೆಯೆತ್ತಿ, "ಅಯ್ಯ, ಅಜ್ಜಾರು ಇಳದು ಹೋದ್ರೇನಬೇ? ಹುಡುಗಿ ದನಿ ಬಂತಲ್ಲ" ಎಂದು ಸಾವಂತ್ರೆವ್ವನತ್ತ ನೋಡಿದಳು. ಆಕೆಯ ಮುಖದ ಮೇಲಿನ ಭಕ್ತಿ ಅಲ್ಲೇ ಅರ್ಧ ಆರಿ, ಹಳೆಯ ಸಿಡುಕು ಇಣುಕಿತು. ಸೆರಗು ಕೊಡವಿ ಏಳಲು ಹೊರಟಳು. ಆ ಒಂದು ನೋಟದಲ್ಲಿ ದಿಲಶಾದಬಿಗೆ ತನ್ನ ಬೆಲೆ ಪೂರ್ತಿ ತಿಳಿಯಿತು. ಹೊಟ್ಟೆಯೊಳಗಿನದು ಅಲುಗಾಡುತ್ತಿರಲಿಲ್ಲ. ಕೈಯಿಟ್ಟು ನೋಡಿದಳು. ಅಲುಗಾಡುತ್ತಿರಲಿಲ್ಲ. ಕಳಕವ್ವನ ತುಟಿಯಂಚಿನ ನಗೆ ನೆನಪಾಯಿತು. ಹೇಸಿಗೆಯನ್ನು ರಕ್ತದ ಜೊತೆ ನುಂಗಿದಳು. ಕೊರಳನ್ನು ಒಮ್ಮೆ ತಿರುಗಿಸಿದಳು, ಎದೆಯ ಆಳದಿಂದ ದನಿ ತೆಗೆದಳು. "ನಾ ಬಂದೀನಿ. ಏನ ಕೇಳ್ತೀರಿ ಕೇಳ್ರಿ."

ಏಳಹೊರಟ ರಸೂಲಬಿ ದೊಪ್ಪನೆ ಮತ್ತೆ ಬಿದ್ದಳು. "ಈ ಹುಡುಗೀನ್ನ ಗದಗ ದವಾಖಾನಿಗೆ ಒಯ್ಯರಿ. ಈಗಿಂದೀಗ." ಸಾವಂತ್ರೆವ್ವನೇ ಧೈರ್ಯ ಮಾಡಿ, "ನಿಮ್ಮ ಕೈಯಾಗ ಇರಬೇಕಾದ್ರ ದವಾಖಾನಿ ಯಾಕ್ರಿ ಅಜ್ಜಾರ?" ಎಂದಳು. ನಾಶವಾಗಿ ಹೋಗಲಿ ನಿನ್ನ ಎಮ್ಮೆ! "ನನಗ ಎದುರ ಮಾತಾಡ್ತಿ?" ಎಂದು ದಿಲಶಾದಬಿ ಗುಡುಗಿದಳು, ಆ ದನಿ ಎಲ್ಲಿತ್ತೋ ಅವಳಿಗೇ ತಿಳಿಯದು. "ಬಳಿ ಒಡೀರಿ. ಕೈ ಬಿಡಸ್ರಿ. ಲಾರಿ ತರಸ್ರಿ." ಹೇಳಿದ್ದು ಹೇಳಿದ ಹಾಗೆ ನಡೆಯಿತು. ರಸೂಲಬಿಯೇ ಅರಳೆ ಹಿಂಜುವ ಕೊಡತಿ ತಂದು ಮಣಿಕಟ್ಟಿಗೆ ಬಟ್ಟೆ ಸುತ್ತಿ ಒಂದೊಂದಾಗಿ ಬಳೆ ಒಡೆದಳು. ಗಂಡ ಇರುವವಳ ಬಳೆ ಅನ್ನುವ ಮಾತೇ ಬರಲಿಲ್ಲ. ಅಷ್ಟು ದಿನ ಗೋಳಾಡಿದರೂ ಅವ್ವನನ್ನು ಕೇಳದೆ ಏಳದ ನಬಿಸಾಬ ಬರಿಗಾಲಲ್ಲಿ ಓಡಿಹೋಗಿ, ಹತ್ತಿ ಅಂಡಿಗೆ ಹೇರಿಕೊಂಡು ಗದಗಿನ ಮಿಲ್ಲಿಗೆ ಹೊರಟಿದ್ದ ಲಾರಿಯನ್ನು ಅಡ್ಡ ನಿಂತು ತಡೆದ. ಅಂಡಿಗೆಗಳ ನಡುವೆ ಅವಳನ್ನು ಮಲಗಿಸಿದರು. ಎಷ್ಟು ಸುಲಭ, ಎಷ್ಟು ಸುಲಭವಿತ್ತು ಇದು! ನೋವಿನ ನಡುವೆಯೂ ಒಂದು ಕೆಟ್ಟ ಸುಖ ಅವಳ ಮೈಯೆಲ್ಲ ಹರಿಯಿತು. ಇವರನ್ನು ಹೀಗೇ ಕುಣಿಸಬಹುದು, ಇವರು ಕುಣಿಯಲಿಕ್ಕೇ ಹುಟ್ಟಿದವರು ಅನ್ನಿಸಿತು. ಮುಳಗುಂದ ದಾಟುವಾಗ ಎರಡನೆಯ ಫಿಟ್ಸ್ ಬಂತು. ಅದರಲ್ಲಿ ಅವಳ ಸುಖವೂ ಹೋಯಿತು, ಹೇಸಿಗೆಯೂ ಹೋಯಿತು.

ದವಾಖಾನೆಯ ಮಂಚದ ಮೇಲೆ ಅವಳು ತುಂಡು ತುಂಡಾಗಿ ಎಚ್ಚರವಾದಳು. ಸೀರೆ ಎಳೆದುಹಾಕುತ್ತಿದ್ದ ಆಯಾ ತೊಡೆಗೆ ರಪ್ಪನೆ ಬಡಿದು, "ಕಾಲ ಅಗಲಿಸ ಅಂದ್ರ ಎಮ್ಮಿಯಂಗ ಬಿದ್ದಾಳ ನೋಡು. ಎಲ್ಲಾ ಮುಗಿಸ್ಕೊಂಡು ತರ್ತಾರಬೇ ಈ ಹಳ್ಳಿ ಮಂದಿ" ಎಂದದ್ದು ಕೇಳಿಸಿತು. ಕನ್ನಡಕದ ಸಿಸ್ಟರ ಗುರುತು ಹಿಡಿದಳು. "ನೀ ಬೆಟಗೇರ್ಯಾಕಿ ಅಲ್ಲ? ಬಾಯಿ ಬಿಟ್ಟು ಹೇಳಿದ್ದೆ ನಾನು. ಓದಿದಾಕಿ ಆಗಿ ಇಷ್ಟ ದಿನಾ ಮನ್ಯಾಗ ಏನ್ ಮಾಡತಿದ್ದಿ?" ಏನು ಮಾಡುತ್ತಿದ್ದೆ? ರೊಟ್ಟಿ ಬಡಿಯುತ್ತಿದ್ದೆ. ಈಕೆಗೂ ತನ್ನ ಮೇಲೆ ತಾತ್ಸಾರವೇ. ಅಲ್ಲಿ ಓದಿದ್ದು ಹೆಚ್ಚಾಗಿತ್ತು, ಇಲ್ಲಿ ಕಡಿಮೆಯಾಯಿತು. ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಹೆಣ್ಣು. ತಿಂಗಳು ತುಂಬದ್ದು, ಅಂಗೈಗಿಂತ ತುಸು ದೊಡ್ಡದು, ಅಳಲೂ ಶಕ್ತಿಯಿಲ್ಲದ್ದು. ಬಲ್ಬು ಉರಿಯುವ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಕೆಲವು ದಿನಗಳ ಮೇಲೆ ಸಿಸ್ಟರ ಅವಳನ್ನು ಹಿಡಿದು ನಡೆಸಿಕೊಂಡು ಹೋಗಿ ತೋರಿಸಿದಾಗ, ಆ ಕೆಂಪು ಮುಖದಲ್ಲಿ ಮಾವನ ಮೂಗು, ಅತ್ತೆಯ ಗದ್ದ ಎಲ್ಲ ಇದ್ದವು. ಇಷ್ಟು ದಿನ ಕೂಡಿಟ್ಟ ತಾತ್ಸಾರವೆಲ್ಲ ಆ ಮುಖದ ಮುಂದೆ ಏನು ಮಾಡಬೇಕೆಂದು ತಿಳಿಯದೆ ನಿಂತುಬಿಟ್ಟಿತು. ಗಾಜಿಗೆ ಹಣೆ ಹಚ್ಚಿ ಅತ್ತಳು. ಇದು ಬದುಕಬೇಕು. ಬೇರೆ ಏನೂ ಬೇಡ, ಇದು ಬದುಕಬೇಕು.

ರಸೂಲಬಿ ಬಂದವಳು ಮೊದಲು ಚಾದರ ಎತ್ತಿ ಹೊಲಿಗೆ ನೋಡಿದಳು. ವಂಶಕ್ಕೆ ಕತ್ತರಿ ಬಿದ್ದಿಲ್ಲ ಎಂದು ಸಿಸ್ಟರಿನ ಬಾಯಿಂದಲೇ ಕೇಳಿ ಸಮಾಧಾನವಾದ ಮೇಲೆ ವಾರ್ಡಿನವರಿಗೆಲ್ಲ ಗುಡ್ಡದಜ್ಜನ ಪವಾಡ ಹೇಳುತ್ತ ಕೂತಳು. ಅಜ್ಜಾರು ಮೈಯಲ್ಲಿ ಬಂದರು, ಲಾರಿ ತರಿಸಿದರು, ಬಳೆ ಒಡೆಸಿ ಅಪಮೃತ್ಯು ಕಳೆದರು. ಕೇಳಿ ಕೇಳಿ ದಿಲಶಾದಬಿಗೆ ಮೈ ಉರಿಯಿತು. "ಅತ್ತಿ, ಅವತ್ತ ಮಾತಾಡಿದ್ದು ಅಜ್ಜಾರಲ್ಲ. ನಾನು. ನನಗ ಎಲ್ಲಾ ಎಚ್ಚರಿತ್ತು" ಅಂದಳು. ರಸೂಲಬಿ ಸಿಟ್ಟಾಗಲಿಲ್ಲ. ಬಾಯಲ್ಲಿನ ಎಲೆ ಒಂದು ಕಡೆಗೆ ಸರಿಸಿ ನಕ್ಕಳು. "ಹುಚ್ಚಿ, ಜ್ವರದಾಗ ಏನರ ಕನಸ ಕಂಡೀದಿ. ನೀನ ಮಾತಾಡಿದ್ರ ನಾವು ನಿನ್ನ ಇಲ್ಲಿಗೆ ತರತಿದ್ವೇನು?" ಎಂದಳು. ಆ ಹೆಂಗಸು ಜೀವಮಾನದಲ್ಲಿ ಆಡಿದ ಒಂದೇ ಖರೆ ಮಾತು ಅದು.

ಮುಂದಿನ ಬೇಸ್ತವಾರ ರಸೂಲಬಿ ಬಂದದ್ದು ಮಗನ ಜೊತೆ, ಕಂಕುಳಲ್ಲಿ ಹಿಂಜಿದ ಅರಳೆಯ ಗಂಟು. ಕೂಸನ್ನು ಇವತ್ತೇ ಒಯ್ದು ಅಜ್ಜಾರ ಪಾದಕ್ಕೆ ಹಾಕಬೇಕು, ಹರಕೆ ಹೊತ್ತಾಗಿದೆ ಅಂದಳು. ಸಿಸ್ಟರ ಆಗಲೇ ಬೈದು ಕಳಿಸಿದ್ದಳು, ಶಾಖ ತಪ್ಪಿದರೆ ಕೂಸು ಉಳಿಯುವುದಿಲ್ಲ ಎಂದು. ರಸೂಲಬಿ ದನಿ ತಗ್ಗಿಸಿ, "ಆಕಿ ಆ ಕಡೆ ವಾರ್ಡಿಗೆ ಹೋಗ್ಯಾಳ. ನೀ ಸುಮ್ಮನ ಇರು. ಅರಳ್ಯಾಗ ಸುತ್ತಿ ಒಯ್ತೀವಿ. ಪಿಂಜಾರರ ಮನ್ಯಾಗ ಅರಳಿಗೇನು ಬರಾ?" ಅಂದಳು. "ಬ್ಯಾಡ್ರಿ" ಎಂದಳು ದಿಲಶಾದಬಿ. "ಕೈ ಮುಗೀತೀನಿ ಅತ್ತಿ, ಬ್ಯಾಡ್ರಿ. ಅದು ಸಾಯ್ತೈತಿ. ನೀವರ ಹೇಳ್ರಿ" ಎಂದು ಗಂಡನ ಕಡೆ ತಿರುಗಿದಳು. ನಬಿಸಾಬ ನೆಲ ನೋಡಿ, ತಾಯಿಯನ್ನು ನೋಡಿ, "ಅವ್ವ ಹರಕಿ ಹೊತ್ತಾಳ" ಅಂದ. ರಸೂಲಬಿ ಗಂಟು ಬಿಚ್ಚುತ್ತ ಗಾಜಿನ ಪೆಟ್ಟಿಗೆಯ ಕೋಣೆಯ ಕಡೆ ನಡೆದಾಗಿತ್ತು.

ದಿಲಶಾದಬಿ ಕೈಯೆತ್ತಿ ತುರುಬು ಬಿಚ್ಚಿದಳು. ಪಕ್ಕದ ಮಂಚದ ಹೆಂಗಸು ಅವಳನ್ನೇ ನೋಡುತ್ತಿದ್ದಳು. ನೋಡಲಿ. ಎದ್ದು ಕೂತು ಕೊರಳು ತಿರುಗಿಸಿದಾಗ ಹೊಲಿಗೆಗಳು ಹರಿದಂತಾಗಿ ಕಣ್ಣಿಗೆ ಕತ್ತಲೆ ಬಂತು. ಬಿಡಲಿಲ್ಲ, ಇನ್ನೊಮ್ಮೆ ತಿರುಗಿಸಿದಳು. "ನಾ ಬಂದೀನಿ!" ಬಾಗಿಲಲ್ಲಿ ರಸೂಲಬಿ ನಿಂತಳು. ಅರಳೆಯ ಗಂಟು ಕೈಜಾರಿ ಬಿದ್ದು ವಾರ್ಡಿನ ನೆಲದ ತುಂಬ ಹರಡಿತು. ಓಡಿ ಬಂದು ಮಂಚದ ಕಾಲಿಗೆ ಹಣೆ ಹಚ್ಚಿದಳು. ನಬಿಸಾಬ ಬಿದ್ದ. ತೊಡೆಗೆ ಬಡಿದಿದ್ದ ಆಯಾ ಕೂಡ ಬಕೀಟು ಕೆಳಗಿಟ್ಟು ಕೈ ಮುಗಿದಳು. "ಕೂಸಿಗೆ ಕೈ ಹಚ್ಚಬ್ಯಾಡ್ರಿ. ಡಾಕ್ಟರು ಬಿಡೂತನಕ ಇಲ್ಲೇ ಇರಲಿ. ಹರಕಿ ನನಗ ಮುಟ್ಟೇತಿ." "ಆಗಲ್ರಿ ಅಜ್ಜಾರ, ನಿಮ್ಮ ಅಪ್ಪಣಿ" ಎಂದಳು ರಸೂಲಬಿ. ಗಲ್ಲ ಬಡಿದುಕೊಂಡು, "ಇನ್ನೇನರ ಐತೇನ್ರಿ ಅಜ್ಜಾರ?" ಎಂದು ಕೇಳಿದಳು.

ಇನ್ನೇನು? ಕೇಳಿದ್ದನ್ನೆಲ್ಲ ಕೊಡಲು ಸಿದ್ಧವಾದ ಆ ಮುಖವನ್ನು ದಿಲಶಾದಬಿ ಕೂದಲಿನ ಸಂದಿಯಿಂದ ನೋಡಿದಳು. "ಐತಿ. ಇನ್ನ ಮುಂದ ಈ ಹುಡುಗಿ ಮಾತು ಕೇಳ್ರಿ. ಆಕಿ ಏನಂತಾಳ ಅದನ್ನ ಕೇಳ್ರಿ." "ಕೇಳ್ತೀವ್ರಿ ಅಜ್ಜಾರ! ನಿಮ್ಮ ಪಾದದ ಆಣಿ, ಆಕಿ ಹಾಕಿದ ಗೆರಿ ದಾಟೂದಿಲ್ರಿ!" ಎಂದು ರಸೂಲಬಿ ಅತ್ತಳು. ಸಾಕಾಯಿತು. ಅಷ್ಟರಲ್ಲೇ ಬೆವರು ಸುರಿದು ಬಾಯಿ ಒಣಗಿಹೋಗಿತ್ತು. ದಿಲಶಾದಬಿ ದಿಂಬಿಗೆ ಒರಗಿ ಕಣ್ಣು ಮುಚ್ಚಿ, ಸ್ವಲ್ಪ ಸುಧಾರಿಸಿಕೊಂಡು, ತನ್ನದೇ ಸಣ್ಣ ದನಿಯಲ್ಲಿ, "ಅತ್ತಿ, ಒಂಚೂರು ನೀರು ಕೊಡ್ರಿ" ಅಂದಳು.

ರಸೂಲಬಿ ಮುಗಿದ ಕೈ ಇಳಿಸಲಿಲ್ಲ. ಸೊಸೆಯ ತಲೆಯ ಮೇಲೆ, ಗೋಡೆಯ ಕಡೆ ಎಲ್ಲೋ ಭಕ್ತಿಯಿಂದ ನೋಡುತ್ತಲೇ, "ಸುಮ್ಮ ಬೀಳಲೇ" ಅಂದಳು. "ಅಜ್ಜಾರು ಈಗರ ಮಾತಾಡಿ ಹೋಗ್ಯಾರ. ನಡುವ ನಿಂದೇನು?"